ಧನುರ್ಮಾಸದ ಬಯಲು ರೇಂಜ್: ಹಿಮದ ನಾಡಿನ ಸಲಹೆಗಳಲ್ಲಿ ಮಲೆನಾಡಿಗೆ ಹೊಂದುವುದು ಯಾವುದು?

ತುಂಗಾತೀರ (ಶಿವಮೊಗ್ಗ)

ಸದಸ್ಯರಿಗೆಲ್ಲ ನಮಸ್ಕಾರ. ಪರವಾನಗಿ ಪಡೆದ ಬಯಲು ರೇಂಜುಗಳಲ್ಲಿ 50 ಮೀಟರ್ .22 (ಬಾಯಳತೆ 0.22 ಇಂಚಿನ) ರೈಫಲ್ ಅಥವಾ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವವರ ಮುಂದೆ ಒಂದು ವಿಷಯವನ್ನು ಇಡಬೇಕೆಂದಿದ್ದೇನೆ. ಮಾರ್ಗಶಿರ ಮತ್ತು ಪುಷ್ಯ ಮಾಸಗಳ ಬೆಳಗಿನ ಹೊತ್ತು ನಮ್ಮ ಕಡೆ ಗಾಳಿ ಬಹುತೇಕ ನಿಂತಿರುತ್ತದೆ. ಹೀಗಾಗಿ ಗುರಿ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಅದೇ ಹೊತ್ತಿನಲ್ಲಿ ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬಿದ್ದ ತೂತುಗಳ ಗುಂಪು) ಕೆಳಕ್ಕಿಳಿಯುತ್ತದೆ, ಕನ್ನಡಕ ಮಬ್ಬಾಗುತ್ತದೆ, ಬೆರಳು ಮರಗಟ್ಟಿ ಟ್ರಿಗರ್ ಎಳೆದದ್ದೇ ತಿಳಿಯದಂತಾಗುತ್ತದೆ.

ನಮ್ಮ ಕಿರಿಯ ಸದಸ್ಯರು ನಾರ್ವೆ, ಫಿನ್ಲೆಂಡ್, ಕೆನಡಾಗಳ ಶೂಟರ್‌ಗಳು ಹಾಕಿದ ವಿಡಿಯೊಗಳನ್ನು ನೋಡಿ, ತೋಟೆ ತುಂಬಿ ನಳಿಗೆಯ ಹಿಂಬದಿ ಮುಚ್ಚುವ ಭಾಗವಾದ ಬೋಲ್ಟ್‌ನಲ್ಲಿರುವ ಎಣ್ಣೆಯನ್ನೆಲ್ಲ ತೊಳೆದು ಒಣಗಿಸಬೇಕು, ರೈಫಲನ್ನು ರಾತ್ರಿಯಿಡೀ ಹೊರಗಿನ ತಂಪಿನಲ್ಲೇ ಇಡಬೇಕು, ದಪ್ಪ ಕೈಗವಸು ತೊಡಬೇಕು ಎಂದು ಶುರುಮಾಡಿದ್ದಾರೆ. ಮೈನಸ್ ಹದಿನೈದು ಡಿಗ್ರಿಯಲ್ಲಿ ಸರಿಯಾದದ್ದು, ಇಬ್ಬನಿ ತೊಟ್ಟಿಕ್ಕುವ ಹದಿನೈದು ಡಿಗ್ರಿಯಲ್ಲೂ ಸರಿಯೇ ಎಂಬುದು ನನ್ನ ಪ್ರಶ್ನೆ. ಇವುಗಳಲ್ಲಿ ಕೆಲವಾದರೂ ನಮಗೆ ಕೆಡುಕನ್ನೇ ಮಾಡುತ್ತವೆಂದು ನನ್ನ ಅನುಮಾನ. ತಿಳಿದವರು ಕಾರಣಸಹಿತವಾಗಿ ಬರೆದರೆ ಉಪಕಾರವಾಗುತ್ತದೆ.

ಸಾಗರದ ಮೇಷ್ಟ್ರು

ತುಂಗಾತೀರ ಅವರ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿದೆ. ಭೌತಶಾಸ್ತ್ರ ಕಲಿಸಿದವನಾಗಿ ಲೆಕ್ಕದ ಭಾಗವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಗಾಳಿಯ ಸಾಂದ್ರತೆ. ಮಧ್ಯಾಹ್ನದ 30 ಡಿಗ್ರಿಯ ಗಾಳಿಗಿಂತ ಬೆಳಗಿನ 15 ಡಿಗ್ರಿಯ ಗಾಳಿ ಸುಮಾರು ಶೇಕಡಾ 5ರಷ್ಟು ದಟ್ಟವಾಗಿರುತ್ತದೆ. 50 ಮೀಟರ್ ದೂರದಲ್ಲಿ ಇದೊಂದರಿಂದಲೇ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಮಂಜು ಗುಂಡನ್ನು ಹಿಡಿದು ನಿಲ್ಲಿಸುತ್ತದೆ, ತೇವದ ಗಾಳಿ ಭಾರ ಎಂಬ ಮಾತು ನಮ್ಮ ರೇಂಜುಗಳಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ, ಅದು ನಿಜವಲ್ಲ. ನೀರಾವಿಯ ಅಣು ಸಾರಜನಕ ಮತ್ತು ಆಮ್ಲಜನಕದ ಅಣುಗಳಿಗಿಂತ ಹಗುರವಾದದ್ದರಿಂದ ಅದೇ ಉಷ್ಣತೆಯ ಒಣಗಾಳಿಗಿಂತ ತೇವದ ಗಾಳಿ ತುಸು ಹಗುರವಾಗಿಯೇ ಇರುತ್ತದೆ.

ಎರಡನೆಯದು ಗುಂಡಿನ ವೇಗ, ಮುಖ್ಯವಾದದ್ದು ಇದೇ. ತಂಪಿನಲ್ಲಿ ಮದ್ದು ನಿಧಾನವಾಗಿ ಉರಿಯುತ್ತದೆ, ಗುಂಡಿನ ಮೇಲಿನ ಮೇಣ ಗಟ್ಟಿಯಾಗುತ್ತದೆ. ಸ್ಪರ್ಧೆಗೆ ಬಳಸುವ .22 ಗುಂಡು ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ ನಳಿಗೆಯನ್ನು ಬಿಡುತ್ತದೆ. ಗುರಿಹಲಗೆಯನ್ನು ತಲುಪುವಷ್ಟರಲ್ಲಿ ಅದು ನಳಿಗೆಯ ನೇರಕ್ಕಿಂತ ಹನ್ನೆರಡು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಕೆಳಗಿಳಿದಿರುತ್ತದೆ, ಗುರಿ ನೋಡುವ ಸೈಟ್ ಅದನ್ನು ಸರಿದೂಗಿಸಿಕೊಂಡಿರುತ್ತದೆ. ವೇಗ ಶೇಕಡಾ ಒಂದರಷ್ಟು ಕುಂದಿದರೂ ಈ ಇಳಿತ ಸುಮಾರು ಎರಡೂವರೆ ಮಿಲಿಮೀಟರ್ ಹೆಚ್ಚುತ್ತದೆ. 50 ಮೀಟರ್ ರೈಫಲ್ ಗುರಿಯ ಹತ್ತರ (ಹತ್ತು ಅಂಕದ, ನಟ್ಟನಡುವಿನ) ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಆದ್ದರಿಂದ ಬೆಳಗ್ಗೆ ಗ್ರೂಪ್ ಇಳಿದರೆ ಗಾಬರಿಯಾಗಬೇಕಾದ್ದಿಲ್ಲ, ತೋಟೆಯ ಪೆಟ್ಟಿಗೆಯನ್ನು ಸಿಮೆಂಟ್ ಕಟ್ಟೆಯ ಮೇಲೆ ಬಿಡದೆ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರೆ ಬಹುಪಾಲು ತೊಂದರೆ ಕಡಿಮೆಯಾಗುತ್ತದೆ.

ಏರ್ ರೈಫಲ್‌ನವರಿಗೂ ಒಂದು ಮಾತು. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ನಡೆಯುವ ಹಳೆಯ ಬಂದೂಕುಗಳಲ್ಲಿ ಒತ್ತಡವು ಉಷ್ಣತೆಯನ್ನೇ ಅವಲಂಬಿಸಿದೆ. 30 ಡಿಗ್ರಿಯಲ್ಲಿ 72 ಬಾರ್‌ನಷ್ಟಿರುವ ಒತ್ತಡ 15 ಡಿಗ್ರಿಗೆ ಬರುವಾಗ 51ರ ಹತ್ತಿರಕ್ಕೆ ಇಳಿಯುತ್ತದೆ, ಸೊನ್ನೆ ಡಿಗ್ರಿಯಲ್ಲಿ 35ಕ್ಕೆ. ಒತ್ತಿದ ಗಾಳಿಯ ಸಿಲಿಂಡರಿನಲ್ಲಿ ಇಷ್ಟು ಏರುಪೇರಿಲ್ಲ. 30 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದು 15 ಡಿಗ್ರಿಯಲ್ಲಿ 190ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಒತ್ತಡವನ್ನು ಸಮವಾಗಿಡುವ ಒಳಗಿನ ರೆಗ್ಯುಲೇಟರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಹೊಸನಗರದ ಮಗಳು (ಈಗ ನಾರ್ವೆ)

ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ಇಲ್ಲಿನ ಅನುಭವವನ್ನು ಜೋಡಿಸುತ್ತೇನೆ. ಇಲ್ಲಿನ ಕ್ಲಬ್ಬಿನಲ್ಲಿ ಹಿಮ ಬಿದ್ದ ಮೇಲೂ ಬಯಲು ರೇಂಜ್ ಮುಚ್ಚುವುದಿಲ್ಲ. ಬಯಥ್ಲಾನ್ ಎಂಬ ಕ್ರೀಡೆಯೇ ಹಿಮದ ಮೇಲೆ ನಿಂತಿದೆ. ಸ್ಕೀ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದು 50 ಮೀಟರ್ ದೂರದ ಐದು ಗುರಿಗಳಿಗೆ .22 ರೈಫಲಿನಿಂದ ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ವ್ಯಾಸ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ತಪ್ಪಿದ ಪ್ರತಿ ಗುರಿಗೂ ಹಲವು ಬಗೆಯ ಸ್ಪರ್ಧೆಗಳಲ್ಲಿ 150 ಮೀಟರ್ ದಂಡದ ಸುತ್ತನ್ನು ಹಾಕಬೇಕು. ಅಂಥ ಗಟ್ಟಿಗರ ಕ್ರೀಡೆಯಲ್ಲೂ ಉಷ್ಣತೆ ಮೈನಸ್ 20 ಡಿಗ್ರಿಗಿಂತ ಕೆಳಗಿಳಿದರೆ ಸ್ಪರ್ಧೆಯನ್ನು ಆರಂಭಿಸುವುದಿಲ್ಲ.

ಎಣ್ಣೆಯನ್ನು ತೊಳೆಯುವ ಸಲಹೆ ಹುಟ್ಟಿದ್ದು ಇಂಥ ಚಳಿಯಲ್ಲಿ. ಸಾಮಾನ್ಯ ಗನ್ ಎಣ್ಣೆ ಮೈನಸ್ ಹದಿನೈದು, ಇಪ್ಪತ್ತರಲ್ಲಿ ಗಟ್ಟಿಯಾಗಿ ಫೈರಿಂಗ್ ಪಿನ್ನಿನ ಓಟವನ್ನು ನಿಧಾನಗೊಳಿಸುತ್ತದೆ. ತೋಟೆಯ ಅಂಚಿಗೆ ಪೆಟ್ಟು ಸರಿಯಾಗಿ ಬೀಳದೆ ಅದು ಸಿಡಿಯದೇ ಉಳಿಯುತ್ತದೆ. ಆದ್ದರಿಂದ ಇಲ್ಲಿನವರು ಬೋಲ್ಟ್ ಒಳಭಾಗವನ್ನು ಒಣಗಿಸಿ ಗ್ರಾಫೈಟ್ ಪುಡಿಯನ್ನೋ ಚಳಿಗೆಂದೇ ತಯಾರಾದ ತೆಳು ಎಣ್ಣೆಯನ್ನೋ ಬಳಸುತ್ತಾರೆ. ತೋಟೆಯಲ್ಲೂ ಚಳಿಗಾಲಕ್ಕೆಂದೇ ಬೇರೆ ಬಗೆ ಇದೆ.

ರೈಫಲನ್ನು ಹೊರಗಿಡುವುದಕ್ಕೂ ಕಾರಣವಿದೆ. ಹಿಮದಿಂದ ಬಂದ ಕಬ್ಬಿಣವನ್ನು ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಕೋಣೆಯ ತೇವವೆಲ್ಲ ಅದರ ಮೇಲೆ ನೀರಾಗಿ ಕೂರುತ್ತದೆ, ಮತ್ತೆ ಹೊರಗೆ ಒಯ್ದರೆ ಆ ನೀರು ಬೋಲ್ಟ್ ಒಳಗೇ ಹೆಪ್ಪುಗಟ್ಟುತ್ತದೆ. ಹೀಗಾಗಿ ಒಳಗೆ ತರುವ ಮೊದಲೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಪೆಟ್ಟಿಗೆಯ ಸಮೇತ ಕೆಲವು ಗಂಟೆ ಬಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯುತ್ತಾರೆ. ಈ ಕೊನೆಯ ಕ್ರಮ ಮಲೆನಾಡಿಗೂ ಹೊಂದುತ್ತದೆ. ರಾತ್ರಿಯಿಡೀ ಹೊರಗಿಡುವುದು ಖಂಡಿತ ಹೊಂದುವುದಿಲ್ಲ.

ತೀರ್ಥಹಳ್ಳಿ ತೋಟ

ಹೊರಗಿಡಬೇಡಿ ಎಂಬ ಮಾತನ್ನು ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಜೋಡಿ ನಳಿಗೆ ಕೋವಿ ಅಜ್ಜನ ಕಾಲದಿಂದ ಇದೆ, ತಮ್ಮನ ಮಗ ಈಗ ಏರ್ ರೈಫಲ್ ಕಲಿಯುತ್ತಿದ್ದಾನೆ. ಮಲೆನಾಡಿನ ಚಳಿ ಕಬ್ಬಿಣವನ್ನು ಹೆದರಿಸುವುದಿಲ್ಲ. ತೇವ ಹೆದರಿಸುತ್ತದೆ. ರಾತ್ರಿ ಜಗಲಿಯಲ್ಲಿಟ್ಟ ಕತ್ತಿಯ ಮೇಲೆ ಬೆಳಿಗ್ಗೆ ಇಬ್ಬನಿ ಹೇಗೆ ಕೂತಿರುತ್ತದೋ ಕೋವಿಯ ಮೇಲೂ ಹಾಗೆಯೇ ಕೂರುತ್ತದೆ, ನಳಿಗೆಯ ಒಳಗೂ ಕೂರುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ನಮ್ಮವರು ಎಣ್ಣೆಯನ್ನು ತೊಳೆದು ಒಣಗಿಸಿದರೆ ಒಂದೇ ವಾರದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಈ ವಿಷಯದಲ್ಲಿ ನಾರ್ವೆಯ ರೀತಿಯನ್ನು ನಾವು ಕಲಿಯಲೇಬಾರದು.

ಇನ್ನೊಂದು, ಕೊಬ್ಬರಿ ಎಣ್ಣೆ. ಹಳ್ಳಿಗಳಲ್ಲಿ ಇಂದಿಗೂ ಕೈಗೆ ಸಿಕ್ಕಿದ್ದು ಅದೇ ಎಂದು ಕೋವಿಗೆ ಸವರುವವರಿದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವ ವಸ್ತು. ಧನುರ್ಮಾಸದ ಬೆಳಿಗ್ಗೆ ಬಾಟಲಿಯಲ್ಲಿ ಅದು ಕಲ್ಲಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಗಟ್ಟಿತನ ಸ್ಪ್ರಿಂಗಿನಲ್ಲಿ, ಟ್ರಿಗರಿನ ಸಂದಿಯಲ್ಲಿ ಆದರೆ ಯಂತ್ರ ಹೇಗೆ ಓಡೀತು? ಹಳತಾದ ಮೇಲೆ ಅಂಟು ಬೇರೆ. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಬಟ್ಟೆಗೆ ತಾಕಿಸಿ, ಹೊರಮೈಗೆ ಒರೆಸಿದಷ್ಟು ಮಾತ್ರ ಹಚ್ಚಿ. ನಳಿಗೆಯ ಒಳಗೆ ಹಚ್ಚಿದ್ದರೆ ಹೊಡೆಯುವ ಮೊದಲು ಒಣಬಟ್ಟೆಯಿಂದ ಎಳೆದು ತೆಗೆಯಿರಿ. ಸ್ಪಂಜು ಹಾಕಿದ ಪೆಟ್ಟಿಗೆಯಲ್ಲಿ ಮಳೆಗಾಲದಿಂದ ಮಾಘದವರೆಗೆ ಮುಚ್ಚಿಟ್ಟ ರೈಫಲನ್ನು ತೆರೆದು ನೋಡಿದರೆ ಸ್ಪಂಜು ತೇವ ಹಿಡಿದಿಟ್ಟುಕೊಂಡಿರುತ್ತದೆ, ಚರ್ಮದ ಸ್ಲಿಂಗಿಗೆ ಬೂಷ್ಟು ಬಂದಿರುತ್ತದೆ. ಪೆಟ್ಟಿಗೆ ಪ್ರಯಾಣಕ್ಕೆ, ಮನೆಯಲ್ಲಿ ಗಾಳಿಯಾಡುವ ಬೀಗದ ಕಪಾಟು. ಅಡುಗೆಮನೆಯ ಗೋಡೆಗೂ ಬಚ್ಚಲ ಒಲೆಯ ಗೋಡೆಗೂ ತಾಗಿದ ಕಪಾಟಂತೂ ಬೇಡ, ಅಲ್ಲಿ ದಿನಕ್ಕೆರಡು ಬಾರಿ ಆವಿ ಏಳುತ್ತದೆ.

ಹೊಸನಗರದ ಮಗಳು (ಈಗ ನಾರ್ವೆ)

ತೋಟದ ಯಜಮಾನರ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಒಂದು ಅಂಕಿಯ ಆಧಾರವೂ ಇದೆ. ತೇವದಿಂದ ಪೂರ್ತಿ ತುಂಬಿದ ಗಾಳಿ 15 ಡಿಗ್ರಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 13 ಗ್ರಾಂ ನೀರಾವಿಯನ್ನು ಹಿಡಿದಿರುತ್ತದೆ. ಮೈನಸ್ 15ರಲ್ಲಿ ಅದು ಒಂದೂವರೆ ಗ್ರಾಂ ಮಾತ್ರ. ನಮ್ಮೂರಿನ ಮಂಜಿನ ಗಾಳಿಯಲ್ಲಿ ಇಲ್ಲಿಗಿಂತ ಎಂಟುಪಟ್ಟು ನೀರಿದೆ ಎಂದಾಯಿತು. ಇಲ್ಲಿಯ ಹಿಮದಲ್ಲಿ ಒಣ ಬೋಲ್ಟ್ ತುಕ್ಕು ಹಿಡಿಯದಿರುವುದಕ್ಕೆ ಗಾಳಿ ಒಣಗಿರುವುದೇ ಕಾರಣ.

ಕೊಪ್ಪದ ಪಾಲಕಿ

ನನ್ನ ಮಗಳು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಒಳಾಂಗಣ ರೇಂಜಿಗೆ ದೂರ ಹೋಗಬೇಕಾದ್ದರಿಂದ ವಾರದ ದಿನಗಳಲ್ಲಿ ಸೂರಿದ್ದು ಮುಂದೆ ತೆರೆದ ಶೆಡ್ಡಿನಲ್ಲಿ ಅಭ್ಯಾಸ ನಡೆಯುತ್ತದೆ. ಚಳಿಗೆ ಅವಳ ಬೆರಳು ನೀಲಿಗಟ್ಟುವುದನ್ನು ನೋಡಲಾರೆ. ಸ್ವೆಟರ್ ಹಾಕಿಸಿದರೆ ತರಬೇತುದಾರರು ಬೇಡವೆನ್ನುತ್ತಾರೆ. ಚಳಿ ತಡೆಯಲು ಬೇರೆ ದಾರಿ ಇದೆಯೇ? ಮನೆಯ ಬಳಿ ಈ ರೈಫಲಿಗೆ ಪರವಾನಗಿ ಬೇಕೇ ಎಂದು ನೆರೆಯವರು ಕೇಳುತ್ತಾರೆ, ಅದನ್ನೂ ತಿಳಿಸಿ.

ಎನ್‌ಸಿಸಿ ಹಳಬ (ಭದ್ರಾವತಿ)

ಅಮ್ಮಾ, ಪರವಾನಗಿಯ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬಾಯಳತೆ 4.5 ಮಿಲಿಮೀಟರ್ ಮೀರದ, ನಳಿಗೆಯ ಬಾಯಿಯಲ್ಲಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ಪರವಾನಗಿ ಬೇಡ. .22 ರೈಫಲ್ ಹಾಗಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಯ ಪರವಾನಗಿಯೂ ಗುರಿ ಅಭ್ಯಾಸಕ್ಕೆ ಕೊಟ್ಟದ್ದಲ್ಲ, ಕಾಡಂಚಿನಲ್ಲಿ ಅದರಿಂದ ಗುರಿ ಹೊಡೆಯುವುದನ್ನು ಯಾರೂ ಅಭ್ಯಾಸವೆಂದು ಕರೆಯಬಾರದು.

ಸ್ವೆಟರ್ ಬೇಡವೆಂಬ ತರಬೇತುದಾರರ ಮಾತು ಸರಿ. ಸ್ಪರ್ಧೆಯಲ್ಲಿ ಶೂಟಿಂಗ್ ಜಾಕೆಟ್ಟಿನ ದಪ್ಪವನ್ನು ಅಳೆದು ನೋಡುತ್ತಾರೆ, ಒಂದು ಪದರಕ್ಕೆ ಮಿತಿ 2.5 ಮಿಲಿಮೀಟರ್. ಕೆಳಗೆ ದಪ್ಪ ಉಣ್ಣೆ ತೊಟ್ಟು ಅಭ್ಯಾಸ ಮಾಡಿದರೆ ಭುಜಕ್ಕೆ ರೈಫಲ್ ಕೂರುವ ಜಾಗವೇ ಬದಲಾಗುತ್ತದೆ, ಸ್ಪರ್ಧೆಯ ದಿನ ಮಗು ಬೇರೆ ರೈಫಲ್ ಹಿಡಿದಂತೆ ತಬ್ಬಿಬ್ಬಾಗುತ್ತದೆ. ಬೆಚ್ಚಗಿಡಬೇಕಾದದ್ದು ತಲೆ, ಕುತ್ತಿಗೆ, ಕಾಲು. ಎದೆಯ ಬಿಸಿ ಉಳಿದರೆ ರಕ್ತ ಬೆರಳಿಗೆ ತಾನಾಗಿ ಹರಿಯುತ್ತದೆ. ಅದೇ ಮೈ ತಣ್ಣಗಾದರೆ ದೇಹ ಮೊದಲು ಬಿಟ್ಟುಕೊಡುವುದೇ ಬೆರಳುಗಳನ್ನು. ಎರಡು ತೆಳು ಹತ್ತಿ ಪದರ, ಕಿವಿ ಮುಚ್ಚುವ ಟೋಪಿ, ದಪ್ಪ ಕಾಲುಚೀಲ ಸಾಕು. ಟ್ರಿಗರ್ ಬೆರಳಿಗೆ ಗವಸು ಬೇಡ. ಹೊಡೆತ ಮುಗಿದೊಡನೆ ಆ ಕೈಯನ್ನು ಬಿಸಿನೀರಿನ ರಬ್ಬರ್ ಚೀಲದ ಮೇಲೆ ಇಡಲಿ, ಮುಂದಿನ ಪೆಲೆಟ್ (ಏರ್ ರೈಫಲಿನ ಸಣ್ಣ ಗುಂಡು) ತುಂಬುವಾಗ ತೆಗೆಯಲಿ. ಪೆಲೆಟ್ ಸೀಸದ್ದಾದ್ದರಿಂದ ಏನನ್ನೂ ತಿನ್ನುವ ಮೊದಲು ಸೋಪು ಹಚ್ಚಿ ಕೈ ತೊಳೆಯಲೇಬೇಕು, ನೀರು ತಣ್ಣಗಿದೆ ಎಂದು ಮಕ್ಕಳು ತಪ್ಪಿಸಿಕೊಳ್ಳುವುದು ಚಳಿಗಾಲದಲ್ಲೇ. ಕಾಫಿ ಕೊಡಬೇಡಿ, ನಾಡಿ ಏರುತ್ತದೆ. ಜೀರಿಗೆ, ಕೊತ್ತಂಬರಿಯ ಬಿಸಿ ಕಷಾಯ ಒಳ್ಳೆಯದು.

ಮಲಗಿ ಹೊಡೆಯುವ .22ರವರಿಗೆ ನೆಲದ ತಂಪೇ ದೊಡ್ಡ ಶತ್ರು. ಕೆಳಗೆ ಟಾರ್ಪಾಲಿನ್, ಅದರ ಮೇಲೆ ಕಂಬಳಿ. ಟಾರ್ಪಾಲಿನ್ ನೆಲದ ತೇವವನ್ನು ತಡೆಯುತ್ತದೆ, ಕಂಬಳಿ ಮೈಯ ಬಿಸಿಯನ್ನು ಉಳಿಸುತ್ತದೆ. ಬರಿಯ ಟಾರ್ಪಾಲಿನ್ ಮೇಲೆ ಮಲಗಿದವರ ಹೊಟ್ಟೆ ನಡುಗುತ್ತಿರುತ್ತದೆ, ಆ ನಡುಕ ಮುಂದಿನ ಸೈಟಿನಲ್ಲಿ ಕಾಣಿಸುತ್ತದೆ.

ಇಷ್ಟೆಲ್ಲ ಅನುಕೂಲದ ಮಾತು. ಸುರಕ್ಷತೆಯ ಎರಡು ಮಾತುಗಳನ್ನು ಇಲ್ಲಿ ಯಾರೂ ಇನ್ನೂ ಎತ್ತಿಲ್ಲ. ತೇವ ಹಿಡಿದ ತೋಟೆ ಸಿಡಿಯದಿದ್ದರೆ ತಕ್ಷಣ ಬೋಲ್ಟ್ ತೆಗೆಯಬಾರದು. ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸಿಡಿದರೂ ಸದ್ದು ಸಪ್ಪಗೆ ಕೇಳಿದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಫೈರಿಂಗ್ ನಿಲ್ಲಿಸಿ, ತೋಟೆ ತೆಗೆದು, ನಳಿಗೆ ಪರೀಕ್ಷಿಸದೆ ಮುಂದಿನ ಈಡು ಹೊಡೆಯಕೂಡದು.

ಎರಡನೆಯದು ಮಂಜು. ಗುರಿಹಲಗೆ ಕಂಡರೆ ಸಾಲದು. ಅದರ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ, ಅಂದರೆ ಬಟ್, ಪೂರ್ತಿಯಾಗಿ, ಎರಡೂ ಅಂಚು ಮತ್ತು ತಲೆಯ ಸಮೇತ ಕಾಣಬೇಕು. ಕಾಣದಿದ್ದರೆ ಫೈರಿಂಗ್ ಇಲ್ಲ.

ತುಂಗಾತೀರ (ಶಿವಮೊಗ್ಗ)

ಹಳಬರೇ, ತೋಟೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಮಂಜಿನ ವಿಷಯದಲ್ಲಿ ಒಂದು ಆಕ್ಷೇಪ ಇಡುತ್ತೇನೆ. ಮಂಜು ಪೂರ್ತಿ ಏಳುವಷ್ಟರಲ್ಲಿ ಬಿಸಿಲೇರಿ ಮೂಡುಗಾಳಿ ಬೀಸತೊಡಗುತ್ತದೆ. 50 ಮೀಟರಿನಲ್ಲಿ ಅಡ್ಡಗಾಳಿ .22 ಗುಂಡನ್ನು ಹತ್ತರ ವೃತ್ತದಿಂದ ಸುಲಭವಾಗಿ ಆಚೆ ತಳ್ಳುತ್ತದೆ. ನಿಂತ ಗಾಳಿಯ ಆ ಒಂದು ಗಂಟೆಯನ್ನು ಕಳೆದುಕೊಂಡರೆ ಚಳಿಗಾಲದ ಅಭ್ಯಾಸಕ್ಕೆ ಅರ್ಥವೇನು ಉಳಿಯುತ್ತದೆ? ಬಟ್ ಎಲ್ಲಿದೆಯೆಂದು ನಮಗೆಲ್ಲ ಗೊತ್ತು, ಅದು ಎಲ್ಲಿಗೂ ಹೋಗುವುದಿಲ್ಲ. ಹಲಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಸಾಲದೇ?

ತೀರ್ಥಹಳ್ಳಿ ತೋಟ

ಸಾಲದು, ಮಾರಾಯರೇ. ಬಟ್ ಎಲ್ಲಿಗೂ ಹೋಗುವುದಿಲ್ಲ, ಆದರೆ ಅದರ ಮೇಲೆ ಯಾರು ಬಂದಿದ್ದಾರೆಂದು ನಿಮಗೆ ಕಾಣುವುದಿಲ್ಲ. ಡಿಸೆಂಬರ್, ಜನವರಿಯೆಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರು, ಅಡಿಕೆ ಸುಲಿಯಲು ಬರುವ ಹೆಂಗಸರು, ಸೊಪ್ಪು ತರುವವರು ಬೆಳಕು ಹರಿಯುವ ಮೊದಲೇ ಒಳದಾರಿಯಲ್ಲಿ ಹೊರಟಿರುತ್ತಾರೆ. ಮಂಜಿನಲ್ಲಿ ದಾರಿ ತಪ್ಪಿದ ದನ, ಅದನ್ನು ಹುಡುಕುತ್ತ ಬಂದ ಹುಡುಗ, ಇವರಿಗೆ ರೇಂಜಿನ ಗಡಿ ಗೊತ್ತಾಗುವುದಿಲ್ಲ. ನೀವು ಕಟ್ಟಿದ ಕೆಂಪು ಬಾವುಟ ಮಂಜಿನಲ್ಲಿ ಇದ್ದೂ ಇಲ್ಲದಂತೆ. .22 ಎಂದರೆ ಸಣ್ಣದೆಂದು ಬಹಳ ಜನ ತಿಳಿದಿದ್ದಾರೆ. ಆ ಗುಂಡು ಒಂದೂವರೆ ಕಿಲೋಮೀಟರ್ ದಾಟಬಲ್ಲದು.

ಜೊತೆಗೆ ನಮ್ಮ ಗುಡ್ಡಗಳ ದರೆಯೆಲ್ಲ ಮೆತ್ತನೆಯ ಮಣ್ಣಲ್ಲ. ಮಳೆಗಾಲದಲ್ಲಿ ಮೇಲ್ಮಣ್ಣು ಕೊಚ್ಚಿ ಹೋಗಿ ಜಂಬಿಟ್ಟಿಗೆಯ ಮುಖ ಹೊರಬಿದ್ದಿರುತ್ತದೆ. ಗುಂಡು ಅದಕ್ಕೆ ಬಡಿದರೆ ಚಿಮ್ಮುತ್ತದೆ, ಯಾವ ಕಡೆಗೆ ಎಂದು ಹೇಳಲಾಗದು. ಮಳೆ ನಿಂತ ಮೇಲೆ, ಚಳಿಗಾಲದ ಅಭ್ಯಾಸ ಶುರುವಾಗುವ ಮೊದಲು, ಬಟ್ ಮೇಲೆ ಕಲ್ಲು ಆರಿಸಿ, ಜರಡಿ ಹಿಡಿದ ಮಣ್ಣನ್ನು ದಪ್ಪವಾಗಿ ಹಾಕಿಸುವುದು ನಮ್ಮ ಸೀಮೆಯ ರೇಂಜುಗಳಿಗೆ ಪ್ರತಿವರ್ಷದ ಕೆಲಸವಾಗಬೇಕು. ಹಿಮದ ನಾಡಿನ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳಿರಲಾರರು, ಆಗುಂಬೆಯ ಮಳೆ ಅವರಿಗೆ ಗೊತ್ತಿಲ್ಲ.

ಎನ್‌ಸಿಸಿ ಹಳಬ (ಭದ್ರಾವತಿ)

ತೋಟದವರು ಹೇಳಿದ್ದಕ್ಕೆ ನಾನು ಸೇರಿಸುವುದು ಸ್ವಲ್ಪವೇ. ತುಂಗಾತೀರ ಅವರೇ, ಮಂಜು ಏಳುವವರೆಗಿನ ಆ ಗಂಟೆ ವ್ಯರ್ಥವಾಗಬೇಕಿಲ್ಲ. ತೋಟೆಯಿಲ್ಲದೆ, ಬೋಲ್ಟ್ ತೆರೆದು ಖಾಲಿಯೆಂದು ಇಬ್ಬರು ನೋಡಿ ಖಚಿತಪಡಿಸಿದ ಮೇಲೆ, ಹಿಡಿತ, ಉಸಿರು, ಟ್ರಿಗರ್ ಇಷ್ಟನ್ನೇ ಅಭ್ಯಾಸ ಮಾಡಿ. ತೋಟೆಯ ಅಂಚಿಗೆ ಪಿನ್ ಬಡಿದು ಸಿಡಿಯುವ .22ರಲ್ಲಿ ಖಾಲಿ ಚೇಂಬರಿನ ಮೇಲೆ ಪಿನ್ ಬಡಿಸಬಾರದು, ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಡಮ್ಮಿಯನ್ನು ಬಳಸಿ. ಚಳಿಯಲ್ಲಿ ಉಸಿರಿನ ಆವಿ ಎದ್ದು ಸೈಟಿನ ಮುಂದೆ ತೇಲುತ್ತದೆ, ಕನ್ನಡಕದ ಮೇಲೂ ಕೂರುತ್ತದೆ. ಕೆನ್ನೆಯನ್ನು ದಸ್ತಿಗೆ (ರೈಫಲಿನ ಭುಜಕ್ಕೆ ಒರಗುವ ಹಿಂಭಾಗಕ್ಕೆ) ಒತ್ತುವ ಮೊದಲೇ ಉಸಿರನ್ನು ಬದಿಗೆ ಬಿಟ್ಟು, ಆವಿ ಕರಗಿದ ಮೇಲೆ ಗುರಿ ನೋಡುವ ಲಯವನ್ನು ಕಲಿಯಲು ಮಂಜಿನ ಹೊತ್ತೇ ತಕ್ಕದ್ದು. ಉಸಿರು ಹಿಡಿದು ಎಂಟು ಸೆಕೆಂಡು ದಾಟಿತೆಂದರೆ ರೈಫಲನ್ನು ಇಳಿಸಿ ಮತ್ತೆ ಆರಂಭಿಸಲಿ.

ಗಾಳಿಯ ಬಗ್ಗೆ: ಸ್ಪರ್ಧೆಗಳು ನಿಂತ ಗಾಳಿಯಲ್ಲೇ ನಡೆಯುವುದಿಲ್ಲ. 50 ಮೀಟರ್ ರೈಫಲ್ ಎಂದರೆ ಗಾಳಿಯನ್ನು ಓದುವ ಕ್ರೀಡೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಮೂರು ಭಂಗಿಗಳ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಾಗ ನಮ್ಮ ಹುಡುಗರೆಲ್ಲ ಕುಣಿದರು. ಆ ಮಟ್ಟಕ್ಕೆ ಏರಬೇಕಾದವರು ಬಿಸಿಲೇರಿದ ಮೇಲಿನ ಗಾಳಿಯಲ್ಲೂ ಗಾಳಿಯ ದಿಕ್ಕು ತೋರಿಸುವ ಬಾವುಟ ನೋಡಿ ಹೊಡೆಯಲು ಕಲಿಯಲೇಬೇಕು.

ಸಾಗರದ ಮೇಷ್ಟ್ರು

ಒಂದು ಸಣ್ಣ ಸೇರ್ಪಡೆ. ಬೆಳಗ್ಗೆ ಗ್ರೂಪ್ ಇಳಿಯಿತೆಂದು ಸೈಟನ್ನು ಏರಿಸಿ, ಹತ್ತು ಗಂಟೆಗೆ ಮೇಲೆ ಹೋಯಿತೆಂದು ಇಳಿಸಿ, ಹೀಗೆ ಪ್ರತಿದಿನ ತಿರುಗಿಸುವವರಿಗೆ ಕೊನೆಗೆ ಮೂಲ ಎಲ್ಲಿತ್ತೆಂದೇ ಮರೆಯುತ್ತದೆ. ದಿನಾಂಕ, ಹೊತ್ತು, ಉಷ್ಣತೆ, ತೋಟೆಯ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ, ಸೈಟಿನ ಕ್ಲಿಕ್ಕುಗಳು, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಗದದ ಗುರಿಗಳನ್ನು ರಾತ್ರಿ ಶೆಡ್ಡಿನಲ್ಲಿ ಬಿಡಬೇಡಿ, ತೇವ ಹಿಡಿದ ಕಾಗದದಲ್ಲಿ ತೂತಿನ ಅಂಚು ಹರಿದು ಒಂಬತ್ತೋ ಹತ್ತೋ ಎಂದು ನಿರ್ಣಯಿಸುವುದೇ ಕಷ್ಟವಾಗುತ್ತದೆ. ಮರದ ದಸ್ತಿನ ರೈಫಲಿನವರು ಮಳೆಗಾಲದ ನಂತರ ದಸ್ತಿನ ಸ್ಕ್ರೂಗಳ ಬಿಗಿಯನ್ನು ಪರೀಕ್ಷಿಸಲಿ. ಮರ ಉಬ್ಬಿ, ಚಳಿಗಾಲದ ಒಣಬಿಸಿಲಿಗೆ ಮತ್ತೆ ಕುಗ್ಗಿದಾಗ ಬಿಗಿ ಬದಲಾಗಿರುತ್ತದೆ, ಚಳಿಯ ಮೇಲೆ ಹೊರಿಸುವ ಎಷ್ಟೋ ದೂರುಗಳ ಮೂಲ ಅಲ್ಲಿರುತ್ತದೆ.

ಕೊಪ್ಪದ ಪಾಲಕಿ

ಎಲ್ಲರಿಗೂ ಧನ್ಯವಾದ. ಬಿಸಿನೀರಿನ ಚೀಲ ಮತ್ತು ಕಷಾಯದ ಏರ್ಪಾಟನ್ನು ಶೆಡ್ಡಿಗೆ ಬರುವ ಮಕ್ಕಳೆಲ್ಲರಿಗೂ ನಾವು ಪಾಲಕರೇ ಸೇರಿ ಮಾಡುತ್ತೇವೆ. ಕೈ ತೊಳೆಯಲು ಒಂದು ಹಂಡೆ ಬಿಸಿನೀರನ್ನೂ ಕಾಯಿಸಿಡುತ್ತೇವೆ, ಆಗ ಯಾವ ಮಗುವೂ ತಪ್ಪಿಸಿಕೊಳ್ಳುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಅಡಿಕೆ ಕೊಯ್ಲಿನ ಜನರ ಮಾತು ಬಂದ ಮೇಲೆ ನನ್ನ ಆಕ್ಷೇಪವನ್ನು ಹಿಂದೆಗೆದುಕೊಂಡಿದ್ದೇನೆ. ನಮ್ಮ ರೇಂಜಿನ ಸೂಚನಾ ಫಲಕಕ್ಕೆ ಈ ಮಾತುಗಳನ್ನು ಬರೆದು ಸಮಿತಿಯ ಮುಂದಿಡುತ್ತೇನೆ: ಬಟ್‌ನ ಎರಡು ಅಂಚು ಮತ್ತು ತಲೆ ಕಾಣುವವರೆಗೆ ತೋಟೆಯ ಪೆಟ್ಟಿಗೆ ತೆರೆಯಬಾರದು, ಮಂಜಿರುವ ತಿಂಗಳುಗಳಲ್ಲಿ ಬಾವುಟದ ಜೊತೆಗೆ ಗಂಟೆಯೂ ಬಾರಿಸಬೇಕು, ಒಳದಾರಿಯ ಎರಡೂ ತುದಿಯಲ್ಲಿ ಒಬ್ಬೊಬ್ಬರು ಸೀಟಿ ಹಿಡಿದು ನಿಲ್ಲಬೇಕು, ಬೋಲ್ಟ್‌ನ ಎಣ್ಣೆಯನ್ನು ತೊಳೆಯಬಾರದು, ಕೊಬ್ಬರಿ ಎಣ್ಣೆ ಹಚ್ಚಲೂಬಾರದು, ಸಿಡಿಯದ ತೋಟೆಗೆ ಅರ್ಧ ನಿಮಿಷ ಕಾಯಬೇಕು. ಕೊಯ್ಲಿನ ದಿನಗಳಲ್ಲಿ ಅಕ್ಕಪಕ್ಕದ ತೋಟದವರಿಗೆ ಫೈರಿಂಗಿನ ಹೊತ್ತನ್ನು ಹಿಂದಿನ ಸಂಜೆಯೇ ತಿಳಿಸುವ ಹೊಣೆಯನ್ನು ನಾನೇ ವಹಿಸಿಕೊಳ್ಳುತ್ತೇನೆ.

ತೋಟದ ಯಜಮಾನರಲ್ಲಿ ಒಂದು ಕೋರಿಕೆ ಇದೆ. ಬಟ್‌ಗೆ ಹಾಕಲು ಕಲ್ಲಿಲ್ಲದ ಮಣ್ಣು ತುಂಗೆಯ ಈಚೆ ದಡದಲ್ಲಿ ಎಲ್ಲಿ ಸಿಕ್ಕೀತೆಂದು ನಿಮಗೆ ತಿಳಿದಿದ್ದರೆ ಬರೆಯಿರಿ. ಸಂಕ್ರಾಂತಿಯೊಳಗೆ ಹಾಕಿಸಿಬಿಡಬೇಕೆಂದಿದ್ದೇವೆ.

ತೀರ್ಥಹಳ್ಳಿ ತೋಟ

ಕೆರೆ ಹೂಳೆತ್ತಿದ ಮಣ್ಣು ಬೇಡ, ಒಣಗಿದರೆ ಹೆಂಟೆಯಾಗಿ ಬಿರಿಯುತ್ತದೆ. ಗದ್ದೆ ಏರಿಯ ಬದಿಯ ಮರಳು ಮಿಶ್ರಿತ ಮಣ್ಣನ್ನು ಜರಡಿ ಹಿಡಿಸಿ, ತೇವವಿರುವಾಗಲೇ ಹಾಸಿ ಗುದ್ದಿಸಿ. ಮಣ್ಣು ತೆಗೆಯುವ ಮೊದಲು ಜಮೀನಿನವರ ಒಪ್ಪಿಗೆಯನ್ನೂ ಪಂಚಾಯಿತಿಯ ಅನುಮತಿಯನ್ನೂ ಕೇಳಿಕೊಳ್ಳಿ. ಗುದ್ದಿಸುವ ದಿನ ತಿಳಿಸಿದರೆ ನಮ್ಮ ತೋಟದ ಇಬ್ಬರನ್ನು ಕರೆದುಕೊಂಡು ಬರುತ್ತೇನೆ.